ಮೂರು ಗದ್ದಗಳು

ಬೆಳಗ್ಗೆ ಮೊದಲು ಒಳಗೆ ಬಂದವಳು ಹೊಸಬಳಲ್ಲ. ಹೋದ ವರ್ಷ ಇದೇ ಕ್ಲಿನಿಕ್ಕಿನಲ್ಲಿ ಗದ್ದದ ಆಪರೇಷನ್ ಮಾಡಿಸಿಕೊಂಡ ಟೈಲರ್. ಕೂರಲಿಲ್ಲ. ಮೊಬೈಲನ್ನು ಮುಖದ ಪಕ್ಕ ಹಿಡಿದು ನಿಂತಳು. ಮೊಬೈಲಿನಲ್ಲಿ ಅವಳದೇ ಮುಖ, ತಿದ್ದಿ ತೀಡಿದ ಗದ್ದ. ನಿಜವಾದ ಗದ್ದ ಎಡಕ್ಕೆ ಸ್ವಲ್ಪ ವಾಲಿತ್ತು.

"ಅಕ್ಕಾ, ಇದು ನೀವು ತೋರಿಸಿದ್ದು, ಇದು ಅವರು ಕೊಟ್ಟಿದ್ದು. ಯಾರನ್ನ ಕೇಳ್ಲಿ?"

"ಡಾಕ್ಟರನ್ನ ನೋಡಿ," ಎಂದಳು ಕಂಪ್ಯೂಟರಿನ ಮುಂದೆ ಕೂತಿದ್ದ ಚಿತ್ರದವಳು. ಇದೇ ಮಾತು ಹೇಳಿ ಹೇಳಿ ಅವಳ ನಾಲಿಗೆ ಸವೆದುಹೋಗಿತ್ತು.

ಬಂದವರ ಫೋಟೋ ತೆಗೆದು, ಆಪರೇಷನ್ ಆದಮೇಲೆ ಹೇಗೆ ಕಾಣುತ್ತಾರೆಂದು ಕಂಪ್ಯೂಟರಿನಲ್ಲಿ ತೋರಿಸುವುದು ಅವಳ ಕೆಲಸ. ಕಂಪ್ಯೂಟರಿನಲ್ಲಿ ಮೂಳೆ ಸರಿದಷ್ಟೇ ಚರ್ಮವೂ ಸರಿಯುತ್ತದೆ. ಮನುಷ್ಯರ ಮುಖಕ್ಕೆ ಅಷ್ಟು ವಿಧೇಯತೆ ಇಲ್ಲ. ಅದು ಡಾಕ್ಟರಿಗೆ ಗೊತ್ತು, ಅವಳಿಗೂ ಗೊತ್ತು. ಗೊತ್ತಿಲ್ಲದವರು ಚಿತ್ರ ನೋಡಿ ಹಣ ಕಟ್ಟುತ್ತಿದ್ದರು.

ಆಮೇಲೆ ಬಂದ ಹುಡುಗಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬರುವ ಹೋಗುವ ಸುದ್ದಿ ಹೇಳುವವಳು. ಜೊತೆಗೆ ಚಿಕ್ಕಮ್ಮ.

"ಇನ್ಮೇಲೆ ದೊಡ್ಡ ಪರದೆ ಹಾಕ್ತಾರಂತೆ, ಹೇಳೋರ ಮುಖಾನೂ ಕಾಣುತ್ತಂತೆ," ಎಂದಳು ಹುಡುಗಿ. "ನಮ್ಮ ಸಾಹೇಬರು ನನ್ನ ನೋಡಿ, ದನಿ ಏನೋ ಸರಿ, ಗದ್ದ ಎಲ್ಲಿ ಬಿಟ್ಟು ಬಂದೆ ಅಂದ್ರು. ಎಲ್ಲರೂ ನಕ್ರು."

"ಅವರ ಹೊಟ್ಟೆ ಅವರಿಗಿಂತ ಮುಂಚೆ ಆಫೀಸಿಗೆ ಬರುತ್ತೆ," ಎಂದರು ಚಿಕ್ಕಮ್ಮ. "ಅದಕ್ಕೆ ಯಾವ ಆಪರೇಷನ್ನೂ ಇಲ್ಲ."

"ನಿಮಗೆ ತಮಾಷೆ ಚಿಕ್ಕಮ್ಮ. ಕೆಲಸ ಹೋದ್ರೆ ನಾನು ತಾನೇ ಮನೇಲಿ ಕೂರೋದು?"

ಚಿತ್ರದವಳು ಫೋಟೋ ತೆಗೆದಳು, ಗದ್ದ ಮುಂದೆ ಎಳೆದಳು. ಪರದೆ ನೋಡಿ ಹುಡುಗಿಯ ಕಣ್ಣು ಅರಳಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ದಿನವೂ ನಿಲ್ಲಿಸುತ್ತಿದ್ದಳು. ಇಂದು ಮೌಸ್ ಬಿಡಲಿಲ್ಲ. ಅದೇ ಮುಖದ ಇನ್ನೊಂದು ಚಿತ್ರ ಮಾಡಿದಳು, ಗದ್ದ ಒಂದು ಕಡೆಗೆ ವಾಲಿದ್ದು. ಮೂರನೆಯದರಲ್ಲಿ ಗದ್ದ ಮುಂದೆ ಬಂದೂ ಬಾರದ ಹಾಗಿತ್ತು.

"ಇದ್ಯಾಕೆ ತೋರಿಸ್ತೀರಿ?"

"ಮೂರೂ ನಿಮ್ಮದೇ ಆಗಬಹುದು. ಹೆಚ್ಚು ಜನಕ್ಕೆ ಮೊದಲನೇದರ ಹತ್ತಿರ ಬರುತ್ತೆ. ಆದ್ರೆ ನಿಮಗೆ ಯಾವುದು ಅಂತ ಯಾರೂ ಬರೆದು ಕೊಡಲ್ಲ."

"ಇದಿಷ್ಟೇನಾ?"

"ಇನ್ನೊಂದಿದೆ, ಅದು ಚಿತ್ರದಲ್ಲಿ ಕಾಣಲ್ಲ. ಗದ್ದದ ಮೂಳೆ ಪಕ್ಕ ಒಂದು ನರ ಇರುತ್ತೆ. ಅದಕ್ಕೆ ಪೆಟ್ಟಾದ್ರೆ ಕೆಳತುಟಿ ಮರಗಟ್ಟುತ್ತೆ. ಸುಮಾರು ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಹಾಗೇ ಉಳಿಯುತ್ತೆ."

ಹುಡುಗಿ ತುಟಿ ಮುಟ್ಟಿಕೊಂಡಳು. "ಹಲ್ಲು ಕೀಳಿಸಿದ ದಿನ ಹಾಗಾಗಿತ್ತು. ಮಧ್ಯಾಹ್ನ ಮೈಕ್ ಹಿಡಿದ್ರೆ 'ಪ' ಅಂದ್ರೆ ಬರೀ ಗಾಳಿ. ನನ್ನನ್ನ ಎಬ್ಬಿಸಿ ಸಂಜೆತನಕ ಬೇರೆಯವರನ್ನ ಕೂರಿಸಿದ್ರು."

"ಅಂದ್ರೆ," ಎಂದರು ಚಿಕ್ಕಮ್ಮ, "ಮುಖ ತೋರಿಸೋಕೆ ಹೋಗಿ ದನಿ ಅಡ ಇಡಬೇಕು."

ಹುಡುಗಿ ಬ್ಯಾಗು ಎತ್ತಿಕೊಂಡಳು. "ಪರದೆ ಮೇಲೆ ಬಸ್ಸಿನ ಚಿತ್ರ ಹಾಕ್ಲಿ ಅಂತ ಕೇಳ್ತೀನಿ. ಜನ ಬರೋದು ಬಸ್ಸಿಗೆ, ನನ್ನ ಗದ್ದಕ್ಕಲ್ಲ. ಬೈದ್ರೆ ಬೈಲಿ."

ಅವರು ಹೊರಗೆ ಹೋಗುತ್ತಲೇ ಡಾಕ್ಟರು ಒಳಗೆ ಬಂದರು. ಪರದೆಯ ಮೇಲೆ ಮೂರು ಮುಖಗಳು ಇನ್ನೂ ಇದ್ದವು.

"ಏನಮ್ಮಾ ಇದು? ಹುಟ್ಟಿನಿಂದ ದವಡೆ ಸರಿಯಿಲ್ಲದೆ, ಊಟ ಅಗಿಯೋಕಾಗದೆ ಬಂದವರೂ ನನ್ನ ಕೈಯಲ್ಲಿ ಸರಿಹೋಗಿದ್ದಾರೆ. ಹೀಗೆ ಹೆದರಿಸಿದ್ರೆ ಅವರೂ ಓಡಿಹೋಗ್ತಾರೆ. ಅಪಾಯ ಏನು ಅಂತ ಆಪರೇಷನ್‌ಗೆ ಮುಂಚೆ ನಾನೇ ಹೇಳ್ತೀನಲ್ಲ."

"ಹೇಳ್ತೀರಿ ಸರ್. ಅಷ್ಟೊತ್ತಿಗೆ ಅವರು ನನ್ನ ಚಿತ್ರ ನೋಡಿ ಆಗಿರುತ್ತೆ. ಆಮೇಲೆ ಅವರಿಗೆ ಕಿವಿ ಇರಲ್ಲ."

ಡಾಕ್ಟರು ಪರದೆಯತ್ತ ಬೆರಳು ಮಾಡಿದರು. "ಒಂದೇ ಚಿತ್ರ ತೋರಿಸು. ಆಗಲ್ಲ ಅಂದ್ರೆ ಈ ಕುರ್ಚಿಗೆ ಬೇರೆಯವರಿದ್ದಾರೆ," ಎಂದು ಹೋದರು.

ಅವಳಿಗೆ ಸಿಟ್ಟೂ ಬರಲಿಲ್ಲ. ಅದಕ್ಕೂ ತ್ರಾಣ ಬೇಕು. ಬಾಗಿಲಲ್ಲಿ ಒಬ್ಬ ಯುವಕ ಇಣುಕಿದ.

"ಅಕ್ಕಾ, ಅರ್ಜೆಂಟ್ ಇದೆ. ಒಂದು ಒಳ್ಳೆ ಗದ್ದ ತೋರಿಸಿಬಿಡಿ, ಸಾಕು."

"ಒಂದು ಸಾಕಾಗಲ್ಲಪ್ಪ," ಎಂದು ಅವಳು ಕುರ್ಚಿ ಎಳೆದು ಕೊಟ್ಟಳು. "ಕೂತ್ಕೊಳ್ಳಿ, ಸ್ವಲ್ಪ ಹೊತ್ತು ಹಿಡಿಯುತ್ತೆ."