ಏಳದ ಮುಳ್ಳು

ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲೊಲ್ಲದು. ನಿನ್ನೆ ಸಂಜೆ ಚೆನ್ನಾಗಿಯೇ ಕುಣಿದದ್ದು ಇಂದು, ಪ್ರಾಂಶುಪಾಲರು ನೋಡಲು ಬರುವ ದಿನವೇ, ಮೊಂಡು ಹಿಡಿದು ಕೂತಿತ್ತು. ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಪ್ರಿಯಾಳಿಗೆ ತಲೆ ಚಿಟ್ಟು ಹಿಡಿದಿತ್ತು. ಮುಳ್ಳು ಏಳದಿದ್ದರೆ ಈ ಕೋಣೆ ಮುರುಕು ಬೆಂಚುಗಳ ಪಾಲು. ಅವರಿವರ ಕಾಲು ಹಿಡಿದು ಕೂಡಿಸಿದ ಪ್ರಯೋಗವೂ ಅಲ್ಲಿಗೆ ಮುಗಿಯಿತು.

ಪ್ರಯೋಗವೇನೋ ಸರಳ. ಮೇಜಿನ ಈ ತುದಿಯ ಹಿತ್ತಾಳೆ ಕೊಂಬಿನಿಂದ ಮಿಲಿಮೀಟರ್ ಅಳತೆಯ ರೇಡಿಯೋ ಅಲೆ ಹೊರಡಬೇಕು, ಆ ತುದಿಯ ಕೊಂಬು ಅದನ್ನು ಹಿಡಿಯಬೇಕು, ಮುಳ್ಳು ಏಳಬೇಕು. ಒಂದೊಂದು ಅಲೆಯ ಉದ್ದ ತೊಗರಿಕಾಳಿನಷ್ಟು.

"ಏನರ ಮುಟ್ಟೀರೇನ್ರಿ ಬುಡ್ಡೇಸಾಬ?" ಎಂದು ಜವಾನನ ಮೇಲೆ ಹರಿಹಾಯ್ದಳು.

"ಕಸಾ ಹೊಡದೇನ್ರಿ ಮೇಡಮ್ಮರ, ಮತ್ತೇನೂ ಮುಟ್ಟಿಲ್ರಿ."

"ಸುಳ್ಳ ಹೇಳಬ್ಯಾಡ್ರಿ! ವೈರ್ ಎಳದೀರಿ, ಅದಕ್ಕ ಹಿಂಗಾಗೇತಿ. ಹೊರಗ ನಡೀರಿ."

ಬ್ಯಾಟರಿ ಬದಲಿಸಿದಳು, ವೈರು ಬದಲಿಸಿದಳು. ಜಪ್ಪಯ್ಯ ಎಂದರೂ ಮುಳ್ಳು ಅಲ್ಲಾಡಲಿಲ್ಲ.

ಮೂಲೆಯಲ್ಲಿ ಅತ್ತೆ ಅಂಬವ್ವ ಬುತ್ತಿಗಂಟು ಹಿಡಿದು ಕೂತಿದ್ದಳು. ಬೆಟಗೇರಿಯ ನೇಕಾರ ಮನೆತನದವಳು. ಮನೆಯ ಮಗ್ಗಕ್ಕೆ ಮಾಡುವಂತೆಯೇ ಬೆಳಿಗ್ಗೆ ಯಂತ್ರಕ್ಕೂ ಕುಂಕುಮ ಹಚ್ಚಿ, ದೃಷ್ಟಿ ತಾಕದಿರಲೆಂದು ಕೊಂಬಿನ ಬಾಯಿಗೆ ತಾನೇ ನೇಯ್ದ ಜರಿ ಸೆರಗಿನ ತುಂಡೊಂದನ್ನು ಇಳಿಬಿಟ್ಟಿದ್ದಳು. "ಇರ್ಲಿ ಬಿಡ್ರಿ ಅತ್ತಿ, ಈ ಅಲಿಗೆ ಬಟ್ಟಿ ಲೆಕ್ಕಕ್ಕಿಲ್ಲ, ತೂರಿ ಹೋಗ್ತೈತಿ," ಎಂದು ಪ್ರಿಯಾ ಆಗ ಗತ್ತಿನಿಂದ ಹೇಳಿದ್ದಳು.

ಪ್ರಾಂಶುಪಾಲ ಮನೋಹರ ಬಂದರು. ಮುಳ್ಳು ನೋಡಿದರು, ಗೋಡೆಗೆ ಗೇಣು ಹಾಕಿ ಅಳೆಯತೊಡಗಿದರು.

"ಬೆಂಚ್ ಆರಾಮ ಹಿಡೀತಾವ್ರಿ ಇಲ್ಲೆ."

ಪ್ರಿಯಾಳಿಗೆ ಅಳುವೇ ಬಂತು. ಬೆವರು ಒರೆಸಿಕೊಳ್ಳಲು ಕೈಗೆ ಸಿಕ್ಕ ಸೆರಗಿನ ತುಂಡನ್ನೇ ಎಳೆದಳು. ಮುಳ್ಳು ಟಣ್ಣನೆ ಜಿಗಿಯಿತು. ಮತ್ತೆ ಹೊದಿಸಿದಳು, ಬಿತ್ತು. ತುಂಡನ್ನು ಅಡ್ಡ ತಿರುಗಿಸಿ ಹಿಡಿದಳು, ಎದ್ದಿತು.

ಜರಿ! ಮನೆಯಲ್ಲಿ ಎಲ್ಲರೂ ಜರಿ ಎಳೆ, ಜರಿ ಎಳೆ ಎಂದು ಅಂದೂ ಅಂದೂ, ನೂಲಿಗೆ ಸುತ್ತಿದ್ದು ಬೆಳ್ಳಿಯೆಂಬುದನ್ನು ಭೌತಶಾಸ್ತ್ರದ ಮೇಡಮ್ಮೇ ಮರೆತಿದ್ದಳು. ಅಲೆ ಓಲಾಡುವ ದಿಕ್ಕಿಗೇ ಲೋಹದ ಎಳೆಗಳು ಒತ್ತಾಗಿ ನಿಂತರೆ ಅಲೆಗೆ ದಾರಿಯಿಲ್ಲ; ಅಡ್ಡವಾದರೆ ದಾರಿ ಬಿಡುತ್ತವೆ.

ಮನೋಹರ ಸೆರಗು ಇಸಿದುಕೊಂಡು ತಾವೇ ಉದ್ದ ಹಿಡಿದರು, ಅಡ್ಡ ಹಿಡಿದರು, ಮುಳ್ಳು ಬೀಳುವುದನ್ನೂ ಏಳುವುದನ್ನೂ ಕಣ್ಣರಳಿಸಿ ನೋಡಿದರು. "ಹುಡುಗ್ರಿಗೆ ಇದನ್ನ ತೋರಸ್ರಿ. ಬೆಂಚ್ ಬ್ಯಾರೆ ಕಡೆ ಇಡೂಣು," ಎಂದು ಹೊರಟರು.

ಪ್ರಿಯಾ ಉಸ್ಸೆಂದು ಕುರ್ಚಿಗೆ ಕುಸಿದಳು.

"ಹಂಗಾರ ತಪ್ಪು ನನ್ನ ಸೀರೀದೇನು?" ಅಂಬವ್ವನ ಮುಖ ಸಣ್ಣದಾಗಿತ್ತು.

"ಸೀರೀದಲ್ರಿ ಅತ್ತಿ. ನಂದರಿ."

"ನನ್ನ ಮುಂದ ಯಾಕ ಹೇಳ್ತಿ? ಬುಡ್ಡೇಸಾಬ ಹೊರಗ ಕುಂತಾನ. ಅವಗ ಹೇಳು, ಹೋಗು."