ರಂಗೋಲಿಯಲ್ಲಿಲ್ಲದ ದಾರಿ

ಊರಿನ ಯೋಜನೆಯನ್ನು ಊರವರೇ ಮಾಡಬೇಕೆಂದು ಸರ್ಕಾರ ಹೇಳಿ ಎಷ್ಟೋ ವರ್ಷವಾಯಿತು. ಯಲ್ದೂರಿನ ಪಕ್ಕದ ನಮ್ಮೂರಿಗೆ ಆ ಮಾತು ತಲುಪಿದ್ದು ಈ ವರ್ಷ, ಪಂಚಾಯ್ತಿಗೆ ಹೊಸ ಪಿಡಿಒ ರಾಧಾ ಮೇಡಂ ಬಂದ ಮೇಲೆ. ಅಲ್ಲಿಯವರೆಗೆ ವಾರ್ಡ್ ಸಭೆ ಎಂದರೆ ಟೀ ಕುಡಿದು ಸಹಿ ಹಾಕುವುದು, ಅಷ್ಟೆ.

ಮೇಡಂ ಅರಳಿಕಟ್ಟೆಯ ಮುಂದೆ ನೆಲ ಸಾರಿಸಿ, ಊರಿನ ನಕ್ಷೆಯನ್ನು ರಂಗೋಲಿಯಲ್ಲಿ ಬಿಡಿಸಲು ಹೆಂಗಸರಿಗೆ ಹೇಳಿದರು. ಎಲ್ಲರ ಕೈಗೂ ಒಂದೊಂದು ಹುಣಸೆ ಬೀಜ. ಯಾವ ಕೆಲಸ ಮೊದಲು ಆಗಬೇಕೋ ಆ ಜಾಗದಲ್ಲಿ ಇಡಬೇಕು. ಹೆಚ್ಚು ಬೀಜ ಬಿದ್ದ ಕೆಲಸ ಯೋಜನೆಗೆ ಸೇರುತ್ತದೆ.

ಗಂಗಾಲಕ್ಷ್ಮಿ ಶಾಲೆ, ಡೇರಿ, ಕೆರೆ, ಮಾವಿನ ತೋಪು ಎಲ್ಲ ಬಿಡಿಸಿದಳು. ಕಾಲುವೆಯ ಹತ್ತಿರ ಕೈ ನಿಲ್ಲಿಸಿದಳು.

"ಆಚೆ ಕಡೆ ಏನಿದೆಯಮ್ಮಾ?" ಎಂದರು ಮೇಡಂ.

"ಸ್ಮಶಾನ. ರಂಗೋಲೀಲಿ ಅದನ್ನ ಯಾರಾದ್ರೂ ಬರೀತಾರಾ ಮೇಡಂ? ಮನೆಗಾಗಿಬರಲ್ಲ."

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಸಾವೇ ಇಲ್ಲದ ಊರು ನಮ್ಮದು, ನೋಡಿ!

ಊರಿನ ಹಿರಿಯ ಅಪ್ಪಾಜಪ್ಪ ಮೊದಲ ಬೀಜವನ್ನು ಊರಬಾಗಿಲಿಗಿಟ್ಟರು. "ಒಂದು ಕಮಾನಾಗ್ಲಿ, ಮರ್ಯಾದೆ ಇರ್ತದೆ" ಎಂದರು. ದೊಡ್ಡವರ ಹಿಂದೆ ಹೋಗುವುದು ನಮ್ಮ ಹಳೆಯ ಚಾಳಿ. ಬೀಜಗಳು ಅಲ್ಲೇ ರಾಶಿಯಾದವು.

ಬಚ್ಚಮ್ಮ ಮಾತ್ರ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅವಳಿಗೆ ಬೇಕಾದ ಜಾಗ ನಕ್ಷೆಯಲ್ಲೇ ಇರಲಿಲ್ಲ. ಸರಸರನೆ ಮನೆಗೆ ಹೋಗಿ, ಸೆರಗಿನಲ್ಲಿ ಒಲೆಯ ಬೂದಿ ತಂದಳು. ಕಾಲುವೆಯ ಮೇಲಿಂದ ಆಚೆಯವರೆಗೆ ಬೂದಿಯಲ್ಲೇ ಒಂದು ಗೆರೆ ಎಳೆದಳು.

"ಹೋದ ಮಳೇಲಿ ನಮ್ಮ ಯಜಮಾನ್ರನ್ನ ಈ ಕಾಲುವೆ ದಾಟಿಸ್ತಾ ಚಟ್ಟ ನೀರಿಗೆ ಬಿತ್ತು. ಎಲ್ರೂ ನೋಡಿದ್ರಿ. ಹೆಗಲು ಕೊಟ್ಟೋರ ಕಾಲು ಜಾರ್ತು, ಅದು ಅವರ ತಪ್ಪಲ್ಲ. ಅಲ್ಲಿ ದಾರೀನೇ ಇಲ್ಲ. ನೀರು ಹೋಗೋಕೆ ಒಂದು ಮೋರಿ ಹಾಕಿ ಮೇಲೆ ಮಣ್ಣು ಹೊಡೆದ್ರೆ ಸಾಕು. ಇನ್ನೊಬ್ಬರಿಗೆ ಹಂಗಾಗ್ಬಾರ್ದು."

ಹೆಗಲು ಕೊಟ್ಟ ಹುಡುಗರಲ್ಲಿ ಕಾಲು ಜಾರಿದ್ದು ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಹೆಸರೆತ್ತಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಹುಟ್ಟಿದ ಗೌರವ ಯಾವ ಮೆಂಬರ್ ಮೇಲೂ ಹುಟ್ಟಿದ್ದಿಲ್ಲ.

ಅಪ್ಪಾಜಪ್ಪ ಕೂತಲ್ಲಿಂದಲೇ ಕೇಳಿದರು: "ಮೇಡಂ, ಇಟ್ಟ ಬೀಜ ವಾಪಸ್ ತಗೋಬೋದಾ?"

"ಎಣಿಸೋವರೆಗೂ ತಗೋಬಹುದು."

ಅವರು ಕೋಲೂರಿ ಎದ್ದು ರಾಶಿಯಿಂದ ಒಂದು ಬೀಜ ತೆಗೆದುಕೊಂಡರು. ಬೂದಿಯ ಗೆರೆಯ ಹತ್ತಿರ ಬಂದು, ಕೋಲಿನ ಮೇಲೆ ಭಾರ ಹಾಕಿ ನಿಧಾನಕ್ಕೆ ಬಗ್ಗತೊಡಗಿದರು. ಬಚ್ಚಮ್ಮ ಕೈ ಚಾಚಿದಳು.

"ಕೊಡಣ್ಣಾ, ನಾನಿಡ್ತೀನಿ."

"ಬೇಡ ಕಣಮ್ಮಾ. ಅವತ್ತು ನಾನು ದಡದಾಗೆ ನಿಂತಿದ್ದೆ, ನೀರಿಗಿಳಿದು ನಿನ್ನ ಯಜಮಾನನ ತಲೆ ಎತ್ತಿ ಹಿಡಿದೋಳು ನೀನು. ಇವತ್ತು ನಾನು ಬಗ್ತೀನಿ."