ಬಚ್ಚಲ ಮಾತು

ಕೆಲಸಕ್ಕೆ ಸೇರಿದ ದಿನವೇ ಅವಳ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೂರನೆಯ ದಿನ, ಮನೆಯೊಳಗೆ ಅವಳ ಭಾಷೆ ಆಡಕೂಡದು ಎಂದರು.

ಹಾಗೆಂದದ್ದು ಗೋಡೆ. ಪಾರ್ಶ್ವವಾಯು ಬಡಿದು ಮಾತು ಹೋಗಿದ್ದ ಅಜ್ಜಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಾ ಅವಳು, "ಆ ಅನ್ನು ಅಜ್ಜಿ, ಇನ್ನೊಂದೇ ಗುಟುಕು" ಅಂದಿದ್ದಳು. ಸೂರಿನ ಮೂಲೆಯ ಕ್ಯಾಮೆರಾದಿಂದ ಯಜಮಾನಿಯ ದನಿ ಬಂತು. ಯಜಮಾನಿ ಅಜ್ಜಿಗೆ ಒಬ್ಬಳೇ ಮಗಳು, ಆಗ ಆಫೀಸಿನಲ್ಲಿದ್ದಳು. ಅಲ್ಲಿಂದಲೇ, ಅಮ್ಮನಿಗೆ ಗೊಂದಲವಾಗುತ್ತದೆ, ನೀನು ಏನು ಬೈಯುತ್ತೀಯೋ ನಮಗೆ ತಿಳಿಯುವುದಿಲ್ಲ, ನಮ್ಮ ಭಾಷೆ ಬಂದಷ್ಟು ಆಡು, ಬಾರದಿದ್ದರೆ ಬಾಯಿ ಮುಚ್ಚಿಕೊಂಡಿರು ಎಂದು ಹೇಳಿ ಮುಗಿಸಿದಳು. ಕೆಂಪು ಚುಕ್ಕೆಯೊಂದು ಉರಿಯುತ್ತಾ ಉಳಿಯಿತು. ಆ ಮನೆಯ ಭಾಷೆ ಕೇಳಿದರೆ ತಿಳಿಯುತ್ತಿತ್ತು, ಆಡಲು ಅವಳಿಗೆ ಬರುತ್ತಿದ್ದದ್ದು ನಲವತ್ತೋ ಐವತ್ತೋ ಮಾತು. ಅನ್ನ, ನೀರು, ಮಾತ್ರೆ, ತಪ್ಪಾಯಿತು, ಇನ್ನು ಮಾಡುವುದಿಲ್ಲ. ಅಷ್ಟರಲ್ಲಿ ಚಾಕರಿ ಮಾಡಬಹುದು. ಅಳಲು ಸಾಲದು.

ಹದಿನೆಂಟನೆಯ ಮಹಡಿ. ತೆರೆಯಲು ಬಾರದ ಕಿಟಕಿಗಳು. ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಅವಳ ಹಾಸಿಗೆ. ಕಾಲು ಚಾಚಿದರೆ ಸೋಪಿನ ಪುಡಿಯ ಡಬ್ಬಕ್ಕೆ ತಾಗುತ್ತಿತ್ತು. ಅವಳಿಗೆ ನಲವತ್ತಮೂರು, ಊರಿನಲ್ಲಿ ಮಗಳು ಆಗಷ್ಟೇ ಬಸುರಿ. ಆದರೂ ಆ ಮನೆಯಲ್ಲಿ ಅವಳು 'ಹುಡುಗಿ'. ನಲ್ಲಿಗೆ ತಿರುವಲು ತಿರುಗಣೆಯಿಲ್ಲ, ಕೈ ತೋರಿಸಿದರೆ ನೀರು ಬರುತ್ತದೆ. ಎಷ್ಟೋ ಸಲ ಅವಳ ಕೈಗೆ ಬರುತ್ತಲೇ ಇರಲಿಲ್ಲ. ನೀರಿಗೂ ನಾನು ಕಾಣಿಸುತ್ತಿಲ್ಲವೇನೋ ಎಂದುಕೊಳ್ಳುತ್ತಿದ್ದಳು.

ಭಾನುವಾರ ಅರ್ಧ ಗಂಟೆ ಮಾತ್ರ ಫೋನು ಕೈಗೆ ಸಿಗುತ್ತಿತ್ತು. ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಹಚ್ಚುತ್ತಿದ್ದಳು.

"ಏನೇ, ಅಲ್ಲಿ ನೆಲ ಕನ್ನಡಿ ಥರ ಹೊಳೆಯುತ್ತಂತಲ್ಲ" ಅಂದಳು ಅಕ್ಕ ಒಂದು ಸಲ.

"ಹೊಳೆಯತ್ತೆ. ಒರೆಸೋಳು ನಾನೇ."

ಅಕ್ಕ ನಕ್ಕಳು. ಮಗಳ ಬಾಣಂತನಕ್ಕೆ ಬರುತ್ತೀಯಾ ಎಂದು ಅಕ್ಕ ಕೇಳಲಿಲ್ಲ. ಎರಡು ವರ್ಷದ ಕರಾರು ಮುಗಿಯದೆ ಆ ಬೀರು ತೆರೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಕ್ಯಾಮೆರಾ ಇಲ್ಲದ ಜಾಗವೆಂದರೆ ಬಚ್ಚಲು ಒಂದೇ. ದಿನಾ ಬೆಳಿಗ್ಗೆ ಹತ್ತಕ್ಕೆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನೀರು ಬಿಟ್ಟು, ಬಾಗಿಲು ಹಾಕಿ ಅವಳು ಮಾತು ಶುರುಮಾಡುತ್ತಿದ್ದಳು. ಇಡೀ ದಿನ ನುಂಗಿಕೊಂಡದ್ದೆಲ್ಲ ಅಲ್ಲಿ ಹೊರಬೀಳುತ್ತಿತ್ತು. "ಕೈ ಎತ್ತೇ ಮಹಾರಾಣಿ, ಅದನ್ನೂ ನಾನೇ ಎತ್ತಬೇಕಾ? ನಿನ್ನ ಮಗಳು ಇವತ್ತು ಫ್ರಿಜ್ಜಲ್ಲಿರೋ ಮೊಟ್ಟೆ ಎಣಿಸಿ ಹೋಗಿದಾಳೆ ಕಣೇ. ನಾನೇನು ಮೊಟ್ಟೆ ಕಳ್ಳಿನಾ? ಇಲ್ಲಿ ಕಾಗೆಗೂ ದನಿ ಇಲ್ಲ ನೋಡು, ಗಾಜಿನಾಚೆ ಕೂತು ಸುಮ್ಮನೆ ಬಾಯಿ ತೆರೆಯತ್ತೆ." ತಿಳಿಯದ ಮುದುಕಿಗೆ ಎಂಥ ಮರ್ಯಾದೆ ಎಂದು ಏಕವಚನದಲ್ಲೇ ಗದರುತ್ತಿದ್ದಳು, ಏಕವಚನದಲ್ಲೇ ಮುದ್ದಿಸುತ್ತಿದ್ದಳು. ಮಗಳ ಹೊಟ್ಟೆಯೊಳಗಿನ ಕೂಸು ಒದ್ದ ಸುದ್ದಿಯನ್ನೂ ಮೊದಲು ಹೇಳಿದ್ದು ಅಲ್ಲಿಯೇ, ಅಜ್ಜಿಯ ಬೆನ್ನು ಉಜ್ಜುತ್ತಾ.

ಆರನೆಯ ತಿಂಗಳಲ್ಲಿ ಒಂದು ದಿನ ನೀರು ಸ್ವಲ್ಪ ಕಾದಿತ್ತು. ಅಜ್ಜಿ ಹೆಗಲು ಕುಗ್ಗಿಸಿ, ತುಟಿ ಸೊಟ್ಟ ಮಾಡಿ, ಅವಳದೇ ಭಾಷೆಯಲ್ಲಿ "ಬಿಸಿ" ಅಂದರು.

ಅವಳ ಕೈಯಿಂದ ಚೊಂಬು ಬಿತ್ತು. ಆಮೇಲೆ ಅಜ್ಜಿಯ ಒದ್ದೆ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಇಷ್ಟು ದಿನ ಬೈದದ್ದೆಲ್ಲ ಇವರ ಕಿವಿಗೆ ಬಿದ್ದಿತ್ತಲ್ಲ ಎಂದು ನಾಚಿಕೆಯಾಯಿತು. ಅಂದಿನಿಂದ ಅವಳು 'ನೀವು' ಅನ್ನತೊಡಗಿದಳು.

ವಾರ ಕಳೆದಂತೆ 'ಸಾಕು' ಬಂತು, 'ಬಾ' ಬಂತು, 'ಬೇಡ' ಬಂತು. ಮಾತ್ರೆಗೆ ಬೇಡ, ಬಾಚಣಿಗೆಗೆ ಬೇಡ. ಬೂದು ಶಾಲಿಗೆ ಬೇಡ, ಹಸಿರು ಶಾಲು ತಂದರೆ ಬಾ. ಯಜಮಾನಿಗೆ ಇದನ್ನು ಅವಳು ತಿಳಿಸಲಿಲ್ಲ. ತಿಳಿಸಿದರೆ ಬಚ್ಚಲಿನಲ್ಲಿ ಏನು ನಡೆಯುತ್ತದೆಂದು ಹೇಳಬೇಕಾಗುತ್ತಿತ್ತು. ಬಚ್ಚಲಿನ ಆ ಹೊತ್ತೂ ಹೋಗುತ್ತಿತ್ತು. ತಾಯಿಯ ಮಾತನ್ನು ಮಗಳಿಂದ ಬಚ್ಚಿಟ್ಟದ್ದು ತಪ್ಪೆಂದು ಗೊತ್ತಿದ್ದೇ ಬಚ್ಚಿಟ್ಟಳು.

ಅಕ್ಕನಿಗೆ ಮಾತ್ರ ಹೇಳಿದಳು. "ಇಲ್ಲೊಬ್ಬರು ನಮ್ಮ ಭಾಷೆಯವರು ಸಿಕ್ಕಿದಾರೆ ಕಣಕ್ಕ."

"ಹೌದಾ? ಯಾವ ಕಡೆಯವರೇ?"

"ಯಾವ ಕಡೆಯವರೂ ಅಲ್ಲ. ನಮ್ಮಜ್ಜಿ. ನಾಲ್ಕೇ ಮಾತು ಬರತ್ತೆ."

"ನಾಲ್ಕೇ ಮಾತು ಬರೋ ಮುದುಕಿ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ. ನನ್ನತ್ತೆನ ಕಳಿಸಿಕೊಡ್ತೀನಿ, ಬದಲಾಯಿಸ್ಕೋ."

ಎಂಟನೆಯ ತಿಂಗಳು ಯಜಮಾನಿ ಒಂದು ಸಂಜೆ ಪಾಸ್‌ಪೋರ್ಟನ್ನು ಬೀರುವಿನಿಂದ ತೆಗೆದು ಊಟದ ಮೇಜಿನ ಮೇಲಿಟ್ಟಳು. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು. ಅದರೊಳಗೆ ಶುಕ್ರವಾರದ ವಿಮಾನದ ಟಿಕೆಟ್ಟು. ಅಮ್ಮನನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸುತ್ತೇನೆ, ಈ ಮನೆ ಮುಚ್ಚುತ್ತೇನೆ ಎಂದಳು. ನಾಳೆ ಡಾಕ್ಟರು ಬರುತ್ತಾರೆ. ರೋಗಿಗೆ ಏನೂ ತಿಳಿಯುವುದಿಲ್ಲ, ಬೇಕು ಬೇಡ ಹೇಳಲಾರರು ಎಂದು ಅವರು ಬರೆದುಕೊಟ್ಟರೆ ಮಗಳ ಸಹಿ ಸಾಕು. ತಾಯಿ ಒಲ್ಲೆ ಎಂದರೆ ಕಳಿಸುವಂತಿಲ್ಲ. ಹಗಲೆಲ್ಲ ಜೊತೆಗಿರುವವಳು ನೀನು, ನಿನ್ನನ್ನೂ ಕೇಳುತ್ತಾರೆ, ಏನೂ ತಿಳಿಯುವುದಿಲ್ಲ ಅನ್ನು, ಶುಕ್ರವಾರ ಹೊರಡು ಎಂದಳು.

ಮಗಳಿಗೆ ಮುಂದಿನ ವಾರವೇ ದಿನ ತುಂಬುತ್ತಿತ್ತು. ಅವಳು ಆಗಲಿ ಎಂದು ತಲೆಯಾಡಿಸಿದಳು. ಹಾಸಿಗೆಯ ಕೆಳಗಿನಿಂದ ಬ್ಯಾಗು ಎಳೆದು ಎರಡು ಸೀರೆ ಮಡಚಿಟ್ಟಳು.

ಮಾರನೆಯ ಬೆಳಿಗ್ಗೆ ಬಚ್ಚಲಿನಲ್ಲಿ ಅವಳು ಬಾಯಿ ತೆರೆಯಲಿಲ್ಲ. ಅಜ್ಜಿ ಕತ್ತು ಹೊರಳಿಸಿ ಅವಳ ಮುಖ ನೋಡಿದರು. "ಬಾ" ಅಂದರು. ಅವಳು ಟವೆಲ್ಲಿನಿಂದ ಅವರ ತಲೆ ಒರೆಸಿದಳು. ಮುಖ ಕಾಣದಂತೆ ಒರೆಸಿದಳು.

ಹನ್ನೊಂದಕ್ಕೆ ಡಾಕ್ಟರು ಬಂದರು, ಕನ್ನಡಕದ ಹೆಂಗಸು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಅಜ್ಜಿಗೆ ಅವರ ಭಾಷೆಯಲ್ಲೇ ಬೆರಳು ಹಿಡಿಯಿರಿ, ಕಣ್ಣು ಮುಚ್ಚಿ ಎಂದರು. ಅಜ್ಜಿ ಹಿಡಿಯಲಿಲ್ಲ, ಮುಚ್ಚಲಿಲ್ಲ. ಡಾಕ್ಟರು ಗೀಟು ಎಳೆಯುತ್ತಾ ಹೋದರು. ಕೊನೆಗೆ ಆಶ್ರಮದ ಚಿತ್ರವೊಂದನ್ನು ಮುಂದೆ ಹಿಡಿದು, ಇಲ್ಲಿಗೆ ಹೋಗಿ ಇರುತ್ತೀರಾ ಎಂದು ಕೇಳಿದರು.

"ಬೇಡ" ಅಂದರು ಅಜ್ಜಿ.

ಪೆನ್ನು ನಿಂತಿತು. ಅದು ಏನು ಎಂದು ಡಾಕ್ಟರು ಕೇಳಿದರು. ಏನೂ ಅಲ್ಲ, ಬರೀ ಸದ್ದು ಎಂದಳು ಯಜಮಾನಿ. ಆದರೆ ಅವಳ ಮುಖ ಬಿಳಿಚಿತ್ತು. ತಾಯಿಯ ಬಾಯಿಂದ ಒಂದು ಮಾತಿಗಾಗಿ ವರ್ಷದಿಂದ ಕಾದು, ಬಿಟ್ಟುಕೊಟ್ಟವಳ ಮುಖ. ಅಜ್ಜಿ ಮತ್ತೆ "ಬೇಡ" ಅಂದರು. ಈ ಸಲ ಡಾಕ್ಟರನ್ನಾಗಲಿ ಮಗಳನ್ನಾಗಲಿ ನೋಡದೆ, ಬಾಗಿಲ ಬಳಿ ನಿಂತ ಕೆಲಸದವಳನ್ನು ನೋಡಿ ಅಂದರು.

ಡಾಕ್ಟರು ಅವಳತ್ತ ತಿರುಗಿದರು. ಹೇಳು ಹುಡುಗಿ, ಅದು ಸದ್ದು ಅಂತ ಹೇಳು ಎಂದಳು ಯಜಮಾನಿ. ಬಾಗಿಲಿನಾಚೆ ಊಟದ ಮೇಜು ಕಾಣುತ್ತಿತ್ತು. ಮೇಜಿನ ಮೇಲೆ ಪಾಸ್‌ಪೋರ್ಟು ಇತ್ತು.

ಅವಳು ಮಂಚದ ಬಳಿಗೆ ಬಂದು ಬಗ್ಗಿದಳು. ಕೆಂಪು ಚುಕ್ಕೆಯ ಕೆಳಗೆ, ಎಂಟು ತಿಂಗಳಲ್ಲಿ ಎರಡನೆಯ ಸಲ, ತನ್ನ ಭಾಷೆಯಲ್ಲಿ ಕೇಳಿದಳು. "ಅಜ್ಜಿ, ಈ ಬೂದು ಶಾಲು ಹೊದಿಸಲಾ?"

"ಬೇಡ."

ಅವಳು ಹಸಿರು ಶಾಲು ತೋರಿಸಿದಳು. "ಇದು?"

"ಬಾ."

ಆ ಚಿತ್ರವನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು ಅಜ್ಜಿಯ ಕಣ್ಣಿಗೆ ಹಿಡಿದಳು. ಅಜ್ಜಿ ಎಡಗೈಯಿಂದ ಅದನ್ನು ತಳ್ಳಿದರು. "ಬೇಡ. ಬೇಡ."

ತನಗೆ ಬರುತ್ತಿದ್ದ ನಲವತ್ತು ಮಾತುಗಳಲ್ಲಿ ಹುಡುಕಿ ಹುಡುಕಿ ಅವಳು ಡಾಕ್ಟರಿಗೆ ಹೇಳಿದಳು: ಸದ್ದು ಅಲ್ಲ, ಮಾತು. ನನ್ನ ಭಾಷೆ. ನಾನು ಆಡಿದೆ, ಅಜ್ಜಿ ಕಲಿತರು. ಅಲ್ಲಿಗೆ ಹೋಗುವುದಿಲ್ಲ ಎನ್ನುತ್ತಿದ್ದಾರೆ, ಬರೆದುಕೊಳ್ಳಿ.

ಯಜಮಾನಿ ಹೊರಗಿನ ಕೋಣೆಗೆ ಹೋಗಿ ಪಾಸ್‌ಪೋರ್ಟು ಎತ್ತಿಕೊಂಡಳು. ಬೀರುವಿನ ಬೀಗ ಬಿದ್ದ ಸದ್ದು ಮಂಚದವರೆಗೂ ಕೇಳಿಸಿತು. ತಿರುಗಿ ಬಂದು, ಈ ಕೋಣೆಯಿಂದ ಆಚೆ ನಡೆ ಎಂದಳು.

ಅವಳು ಹಸಿರು ಶಾಲನ್ನು ಅಜ್ಜಿಗೆ ಹೊದಿಸಿ, ಮಂಚದ ಅಂಚಿನಲ್ಲಿ ಕೂತಳು.

"ಹೋಗಲ್ಲ" ಅಂದಳು.